ಟೆಂಡರ್ ಕೈತಪ್ಪಿತಾ? ಮೇಲ್ಮನವಿಯ 30 ದಿನ ಎಣಿಸುವುದು ಹೀಗೆ

"ಸಾರ್, ನಮ್ಮ ಟೆಂಡರ್ ರಿಜೆಕ್ಟ್ ಮಾಡಿಬಿಟ್ಟಿದ್ದಾರೆ, ಏನು ಮಾಡೋದು?" ವಾರಕ್ಕೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಆದೇಶ ನಿಮ್ಮ ಕೈಗೆ ಯಾವತ್ತು ಬಂತು?" ಅಲ್ಲಿಗೆ ಅರ್ಧ ಜನ ತಡವರಿಸುತ್ತಾರೆ. ಎಲ್-1 (ಅತಿ ಕಡಿಮೆ ದರ ಹಾಕಿದವರು) ಯಾರು, ಅವರು ಯಾರ ಕಡೆಯವರು, ಎಷ್ಟು ಪರ್ಸೆಂಟ್ ಕಮ್ಮಿಗೆ ಹಾಕಿದ್ದರು, ಎಲ್ಲ ಬಾಯಿಪಾಠ. ತಾರೀಖು ಮಾತ್ರ ಗೊತ್ತಿರುವುದಿಲ್ಲ.

ನಾನು ವಕೀಲ ಅಲ್ಲ. ಹಾಸನದಲ್ಲಿ ಕೂತು ಗುತ್ತಿಗೆದಾರರ ಟೆಂಡರ್ ಕಾಗದ ಪತ್ರ ನೋಡಿಕೊಳ್ಳುವವನು. ಒಳ್ಳೆಯ ಕಾರಣ ಇದ್ದೂ ಸೋತವರನ್ನು ತುಂಬಾ ನೋಡಿದ್ದೇನೆ. ಹೆಚ್ಚಿನವರು ಸೋತದ್ದು ವಾದದಲ್ಲಿ ಅಲ್ಲ, ದಿನ ಎಣಿಸುವುದರಲ್ಲಿ. ಹಾಗಾಗಿ ಇಲ್ಲಿ ಪೂರ್ತಿ ಗಡುವಿನ ಮಾತೇ. ಹಾಸನ, ಚಿಕ್ಕಮಗಳೂರು ಜಿಲ್ಲೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಮೊದಲು ನಾಲ್ಕು ಪದ

ಕೆಟಿಪಿಪಿ ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಇದರ ನಿಯಮಗಳು ಬಂದದ್ದು 2000ದಲ್ಲಿ. ರಾಜ್ಯ ಸರ್ಕಾರದ ಕಚೇರಿಗಳು ಸಾಮಾನು ಕೊಳ್ಳುವುದು, ಕಾಮಗಾರಿ ಕೊಡುವುದು, ಸೇವೆ ಪಡೆಯುವುದು ಎಲ್ಲ ಇದರ ಕೆಳಗೇ.

ಟೆಂಡರ್ ಕರೆಯುವ ಅಧಿಕಾರಿ ಬೇರೆ, ಅಂಗೀಕರಿಸುವ ಅಧಿಕಾರಿ ಬೇರೆ ಇರಬಹುದು. ಇಇ (ಕಾರ್ಯಪಾಲಕ ಎಂಜಿನಿಯರ್) ಕರೆದ ಟೆಂಡರಿಗೆ ಎಸ್‌ಇ (ಅಧೀಕ್ಷಕ ಎಂಜಿನಿಯರ್) ಅಥವಾ ಚೀಫ್ ಎಂಜಿನಿಯರ್ ಒಪ್ಪಿಗೆ ಕೊಡುವುದುಂಟು. ಮೇಲ್ಮನವಿಗೆ ಲೆಕ್ಕಕ್ಕೆ ಬರುವುದು ಅಂಗೀಕರಿಸಿದವರ ಆದೇಶ.

'ನಿಗದಿತ ಪ್ರಾಧಿಕಾರ' ಅಂದರೆ ಮೇಲ್ಮನವಿ ಕೇಳಬೇಕಾದ ಅಧಿಕಾರಿ. ಸಾಮಾನ್ಯವಾಗಿ ಅಂಗೀಕರಿಸಿದವರಿಗಿಂತ ಮೇಲಿನವರು.

ಎರಡು ಲಕೋಟೆ ಪದ್ಧತಿ ಅಂದರೆ ಮೊದಲು ತಾಂತ್ರಿಕ ಬಿಡ್ ತೆಗೆಯುತ್ತಾರೆ. ಅದರಲ್ಲಿ ಪಾಸಾದವರದ್ದು ಮಾತ್ರ ದರದ ಬಿಡ್ ತೆಗೆಯುತ್ತಾರೆ. ಈಗ ಲಕೋಟೆ ಎಲ್ಲಿದೆ, ಎಲ್ಲ ಕೆಪಿಪಿಪಿ ಪೋರ್ಟಲ್‌ನಲ್ಲೇ, ಅಂದರೆ ರಾಜ್ಯ ಸರ್ಕಾರದ ಟೆಂಡರ್ ಜಾಲತಾಣದಲ್ಲೇ. ಹೆಸರು ಮಾತ್ರ ಹಾಗೇ ಉಳಿದಿದೆ.

ಹಂತ 1: ಟೆಂಡರ್ ಕರೆದವರು ಯಾರು ನೋಡಿ

ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಲೋಕೋಪಯೋಗಿ ಇಲಾಖೆ, ಜಿಲ್ಲಾ ಪಂಚಾಯಿತಿ, ನಗರಸಭೆ, ಸರ್ಕಾರಿ ವೈದ್ಯಕೀಯ ಕಾಲೇಜು, ಕಾವೇರಿ ನೀರಾವರಿ ನಿಗಮ, ವಿಶ್ವೇಶ್ವರಯ್ಯ ಜಲ ನಿಗಮ, ವಿದ್ಯುತ್ ಕಂಪನಿಗಳು, ಇವೆಲ್ಲ ರಾಜ್ಯದವು. ಕೆಟಿಪಿಪಿ ಅನ್ವಯ.

ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಅಂಚೆ ಇಲಾಖೆ, ಬಿಎಸ್‌ಎನ್‌ಎಲ್, ಇವು ಕೇಂದ್ರದವು. ನಮ್ಮ ಊರಲ್ಲೇ ಇದ್ದರೂ ಕೆಟಿಪಿಪಿ ಇಲ್ಲಿ ನಡೆಯುವುದಿಲ್ಲ. ಅವುಗಳ ವಿಚಾರ ಕೊನೆಗೆ ಹೇಳುತ್ತೇನೆ.

ಇನ್ನೊಂದು ಜಾತಿ ಇದೆ. ವಿಶ್ವ ಬ್ಯಾಂಕ್ ಥರದ ಸಾಲದಲ್ಲಿ ನಡೆಯುವ ಯೋಜನೆಗಳಿಗೆ ಸಾಲ ಕೊಟ್ಟವರದ್ದೇ ನಿಯಮ. ಅಲ್ಲಿ ಗಡುವು ಇನ್ನೂ ಬಿಗಿ. ವಿಶ್ವ ಬ್ಯಾಂಕ್ ನಿಯಮದಲ್ಲಿ ಗೆದ್ದವರ ಹೆಸರು ತಿಳಿಸಿದ ಮೇಲೆ 10 ಕೆಲಸದ ದಿನ ಕರಾರಿಗೆ ಸಹಿ ಹಾಕದೆ ಕಾಯುವ ಪದ್ಧತಿ ಇದೆ. ನಮ್ಮದು ಯಾಕೆ ಹೋಯಿತು ಎಂದು ವಿವರಣೆ ಕೇಳಲು ಸಿಗುವುದು 3 ಕೆಲಸದ ದಿನ ಮಾತ್ರ. ಟೆಂಡರ್ ಪುಸ್ತಕದ ಮೊದಲ ಪುಟಗಳಲ್ಲೇ ಸಾಲದ ವಿಚಾರ ಇರುತ್ತದೆ, ಓದಿ.

ಹಂತ 2: ಯಾವ ಆದೇಶದ ಮೇಲೆ ನಿಮ್ಮ ತಕರಾರು?

ಕೆಟಿಪಿಪಿ 16ನೇ ಕಲಂ ಮೇಲ್ಮನವಿಯ ದಾರಿ ಕೊಡುತ್ತದೆ. ಯಾರಿಗೆ? ಟೆಂಡರ್ ಹಾಕಿದವರಿಗೆ ಮಾತ್ರ. ಯಾವುದರ ವಿರುದ್ಧ? 13ನೇ ಕಲಂ ಕೆಳಗೆ ಅಂಗೀಕರಿಸುವ ಅಧಿಕಾರಿ ಕೊಟ್ಟ ಆದೇಶದ ವಿರುದ್ಧ. ಅಂಗೀಕರಿಸಿದ್ದು ಸರ್ಕಾರವೇ ಆಗಿದ್ದರೆ ಈ ದಾರಿ ಮುಚ್ಚಿದೆ, ಸೀದಾ ಹೈಕೋರ್ಟ್.

ಇದರಿಂದ ಮೂರು ಥರದವರು ಹೊರಗೆ ಉಳಿಯುತ್ತಾರೆ. ಟೆಂಡರ್ ಹಾಕದೆ ಹೊರಗಿನಿಂದ ನೋಡುತ್ತಿರುವವರು ಒಂದು. ಷರತ್ತೇ ಸರಿ ಇಲ್ಲ, ಯಾರಿಗೋ ಅಳತೆ ತೆಗೆದು ಹೊಲಿದ ಅಂಗಿ ಥರ ಇದೆ ಅನ್ನುವವರು ಇನ್ನೊಂದು. ಷರತ್ತಿನ ಮೇಲೆ ತಕರಾರು ಇದ್ದರೆ ಬಿಡ್ ಹಾಕುವ ಮೊದಲೇ, ಪ್ರೀ-ಬಿಡ್ ಸಭೆಯಲ್ಲೇ ಬರಹದಲ್ಲಿ ಕೇಳಬೇಕು. ಸುಮ್ನೆ ಬಿಡ್ ಹಾಕಿ, ಸೋತ ಮೇಲೆ ಷರತ್ತು ಸರಿ ಇರಲಿಲ್ಲ ಅಂದರೆ ಯಾವ ಕೋರ್ಟೂ ಸುಲಭಕ್ಕೆ ಕಿವಿಗೊಡುವುದಿಲ್ಲ. ಆಟ ಆಡಿದ ಮೇಲೆ ನಿಯಮ ಪ್ರಶ್ನಿಸಿದ ಹಾಗೆ ಅದು.

ಮೂರನೆಯವರ ಕಥೆ ಸ್ವಲ್ಪ ಕಷ್ಟ. ತಾಂತ್ರಿಕ ಹಂತದಲ್ಲೇ ಹೊರಬಿದ್ದವರು. "ಇದು ಇನ್ನೂ 13ನೇ ಕಲಂ ಆದೇಶ ಆಗಿಲ್ಲ, ಮೇಲ್ಮನವಿ ನಡೆಯುವುದಿಲ್ಲ" ಎಂಬ ತಕರಾರು ಎದುರು ಪಾರ್ಟಿಯಿಂದ ಬಂದೇ ಬರುತ್ತದೆ. ಹಾಗೆಂದು ಅಂತಿಮ ಆದೇಶ ಬರಲಿ ಎಂದು ಕೂತರೆ ಅಷ್ಟರಲ್ಲಿ ದರದ ಬಿಡ್ ತೆಗೆದು ಕರಾರೂ ಆಗಿರುತ್ತದೆ. ನನ್ನ ಸಲಹೆ ಇಷ್ಟು: ಫಲಿತಾಂಶ ಕಂಡ ದಿನವೇ ಅಂಗೀಕರಿಸುವ ಅಧಿಕಾರಿಗೆ ಬರಹದಲ್ಲಿ ಆಕ್ಷೇಪಣೆ ಕೊಡಿ, ದರದ ಬಿಡ್ ತೆಗೆಯಬೇಡಿ ಎಂದು ಕೇಳಿ. ಮಾರನೇ ದಿನವೇ ವಕೀಲರನ್ನು ಕಾಣಿ. ಇಲ್ಲಿ ತಿಂಗಳ ಮಾತಿಲ್ಲ, ಗಂಟೆ ಲೆಕ್ಕ.

ಹಂತ 3: ತಾರೀಖು ಗಟ್ಟಿ ಮಾಡಿಕೊಳ್ಳಿ

ಗಡುವು: ಆದೇಶ ನಿಮಗೆ ತಲುಪಿದ ದಿನದಿಂದ 30 ದಿನ. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಪ್ರಾಧಿಕಾರ ಇನ್ನೂ 30 ದಿನದವರೆಗೆ ಅವಕಾಶ ಕೊಡಬಹುದು. ಕೊಡಲೇಬೇಕು ಅಂತಿಲ್ಲ. ಎರಡೂ ಸೇರಿ 60 ದಿನ ದಾಟಿತೋ, ಈ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ.

'ತಲುಪಿದ ದಿನ' ಅನ್ನುವುದರಲ್ಲೇ ಜಗಳ. ಪೋರ್ಟಲ್‌ನಲ್ಲಿ ಹಾಕಿದ ದಿನ ಒಂದು. ಇ-ಮೇಲ್ ಬಂದ ದಿನ ಒಂದು. ಅಂಚೆಯಲ್ಲಿ ಪ್ರತಿ ಬಂದ ದಿನ ಇನ್ನೊಂದು. ನೀವು ಅಂಚೆಯ ದಿನ ಹಿಡಿದರೆ ಎದುರಿನವರು ಪೋರ್ಟಲ್ ದಿನ ಹಿಡಿಯುತ್ತಾರೆ. ಯಾವುದು ಎಲ್ಲಕ್ಕಿಂತ ಮೊದಲೋ ಅದರಿಂದಲೇ ಎಣಿಸಿ, ಆಗ ಜಗಳವೇ ಹುಟ್ಟುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. 2025ರ ಸೆಪ್ಟೆಂಬರ್ 5, ಶುಕ್ರವಾರ ಆದೇಶ ಪೋರ್ಟಲ್‌ಗೆ ಬಿತ್ತು ಅಂದುಕೊಳ್ಳಿ. ನಿಮ್ಮ ಹುಡುಗ ಸೋಮವಾರ, 8ನೇ ತಾರೀಖು ಇ-ಮೇಲ್ ತೆಗೆದು ನೋಡಿದ. ಆದೇಶ ತಲುಪಿದ ದಿನ ಬಿಟ್ಟು ಮಾರನೇ ದಿನದಿಂದ ಎಣಿಸುವುದು ರೂಢಿ. 8ರಿಂದ ಹಿಡಿದರೆ ಮೂವತ್ತನೇ ದಿನ ಅಕ್ಟೋಬರ್ 8, ಬುಧವಾರ. 5ರಿಂದ ಹಿಡಿದರೆ ಅಕ್ಟೋಬರ್ 5, ಅದು ಭಾನುವಾರ. ಕೊನೇ ದಿನ ಕಚೇರಿ ಮುಚ್ಚಿದ್ದರೆ ಮುಂದೆ ತೆರೆಯುವ ದಿನ ಕೊಡಬಹುದು ಎಂಬುದು ಸಾಮಾನ್ಯ ನಿಯಮ, ಅಂದರೆ ಸೋಮವಾರ 6. ಆದರೆ ಆ ವಾರ ಹೇಗಿತ್ತು ನೋಡಿ. 1ಕ್ಕೆ ಆಯುಧ ಪೂಜೆ, 2ಕ್ಕೆ ವಿಜಯದಶಮಿ ಮತ್ತು ಗಾಂಧಿ ಜಯಂತಿ, 7ಕ್ಕೆ ವಾಲ್ಮೀಕಿ ಜಯಂತಿ. ಮಧ್ಯದಲ್ಲಿ ಸಿಗುವ ದಿನಗಳಲ್ಲಿ ಅರ್ಧ ಸಿಬ್ಬಂದಿ ರಜೆ ಹಾಕಿ ಊರಿಗೆ ಹೋಗಿರುತ್ತಾರೆ. ಅದಾದ ಮೇಲೆ ಹಾಸನದಲ್ಲಂತೂ ಹಾಸನಾಂಬೆ ದರ್ಶನ ಶುರು. ಜಿಲ್ಲಾಡಳಿತವೇ ದೇವಸ್ಥಾನದ ಸುತ್ತ ನಿಂತಿರುತ್ತದೆ, ಯಾವ ಸಾಹೇಬರೂ ಸೀಟಿನಲ್ಲಿ ಸಿಗುವುದಿಲ್ಲ.

ಇಂಥ ಲೆಕ್ಕದಲ್ಲಿ ನಾನು ಕ್ಯಾಲೆಂಡರಿನಲ್ಲಿ ಗುಂಡು ಸುತ್ತುವುದು ಸೆಪ್ಟೆಂಬರ್ 25ಕ್ಕೆ. ಅಂದರೆ ಇಪ್ಪತ್ತನೇ ದಿನಕ್ಕೆ. ಉಳಿದ ಹತ್ತು ದಿನ ಪ್ರಿಂಟರ್ ಕೆಡುವುದಕ್ಕೆ, ಸಹಿ ಹಾಕಬೇಕಾದ ಪಾಲುದಾರರು ಧರ್ಮಸ್ಥಳಕ್ಕೆ ಹೋಗಿರುವುದಕ್ಕೆ ಮೀಸಲು.

ತಾರೀಖಿಗೆ ಸಾಕ್ಷಿ ಇಟ್ಟುಕೊಳ್ಳಿ. ಪೋರ್ಟಲ್ ಪುಟದ ಸ್ಕ್ರೀನ್‌ಶಾಟ್ ತೆಗೆಯುವಾಗ ಕಂಪ್ಯೂಟರಿನ ದಿನಾಂಕ, ಸಮಯ ಕಾಣುವ ಹಾಗೆ ತೆಗೆಯಿರಿ. ಇ-ಮೇಲ್ ಅಳಿಸಬೇಡಿ. ಅಂಚೆಯಲ್ಲಿ ಬಂದರೆ ಒಳಗಿನ ಕಾಗದದಷ್ಟೇ ಮುಖ್ಯ ಆ ಲಕೋಟೆ. ಅದರ ಮೇಲಿನ ಅಂಚೆ ಮೊಹರೇ ನಿಮ್ಮ ಸಾಕ್ಷಿ. ಲಕೋಟೆ ಹರಿದು ಕಸದ ಬುಟ್ಟಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ಇದೊಂದಕ್ಕೆ ಬಿಡಿ.

ಹಂತ 4: ಕಾಗದ ಸೇರಿಸಿ, ಆರ್‌ಟಿಐಗೆ ಕಾಯಬೇಡಿ

ಎಲ್ಲರೂ ಬೀಳುವ ಹಳ್ಳ ಇದೇ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಟೆಂಡರ್ ಹೋದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿ, ಆಮೇಲೆ ನಿಶ್ಚಿಂತೆ. ಆದರೆ ಕಚೇರಿಗೆ ಉತ್ತರ ಕೊಡಲು ಇರುವ ಸಮಯ ಎಷ್ಟು? 30 ದಿನ. ನಿಮ್ಮ ಮೇಲ್ಮನವಿಗೂ 30 ದಿನ. ಗೆದ್ದ ಗುತ್ತಿಗೆದಾರರ ಕಾಗದ ಕೇಳಿದ್ದೀರಿ ಅಂದರೆ ಅದು ಮೂರನೇ ವ್ಯಕ್ತಿಯ ಮಾಹಿತಿ. ಅವರಿಗೂ ನೋಟಿಸ್ ಕೊಡಬೇಕು, ಆಗ 40 ದಿನ. ಅಲ್ಲಿಗೆ ಉತ್ತರ ಬರುವ ಹೊತ್ತಿಗೆ ನಿಮ್ಮ ಗಡುವು ಮುಗಿದು ಹತ್ತು ದಿನ ಆಗಿರುತ್ತದೆ, ಅಲ್ವಾ? ನೀವು ಅರ್ಜಿ ಹಾಕಿದ್ದು ಆದೇಶ ಬಂದ ದಿನವೇ ಆಗಿದ್ದರೂ ಇದೇ ಕಥೆ.

ಆರ್‌ಟಿಐ ಹಾಕಬೇಡಿ ಎನ್ನುತ್ತಿಲ್ಲ. ಹಾಕಿ, ಮೊದಲ ದಿನವೇ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೆ ಹೊಂದುವ ಹಾಗೆ ಬರೆಯಿರಿ: ಈ ನಂಬರಿನ ಟೆಂಡರಿನ ತಾಂತ್ರಿಕ ಮೌಲ್ಯಮಾಪನ ವರದಿ, ಟೆಂಡರ್ ಪರಿಶೀಲನಾ ಸಮಿತಿಯ ನಡವಳಿ, ತುಲನಾ ಪಟ್ಟಿ. ಅಷ್ಟೇ. ಆದರೆ ಮೇಲ್ಮನವಿ ಅದಕ್ಕೆ ಕಾಯಬಾರದು. ಕೈಯಲ್ಲಿ ಇರುವುದನ್ನು ಇಟ್ಟುಕೊಂಡು ಹಾಕಿ, "ಆರ್‌ಟಿಐಯಲ್ಲಿ ಕೇಳಿದ ದಾಖಲೆ ಬಂದ ಮೇಲೆ ಹೆಚ್ಚುವರಿ ಕಾರಣ ಸಲ್ಲಿಸಲು ಅವಕಾಶ ಕೊಡಬೇಕು" ಎಂದು ಒಂದು ಸಾಲು ಬರೆಯಿರಿ. ದಾಖಲೆಯನ್ನು ಪ್ರಾಧಿಕಾರವೇ ತರಿಸಿಕೊಳ್ಳಲಿ ಎಂದೂ ಕೇಳಬಹುದು.

ಇದೇ ಸಾಲಿನ ಇನ್ನೊಂದು ಹಳ್ಳ, ಮನವಿ ಪತ್ರ. ಶಾಸಕರಿಗೊಂದು, ಉಸ್ತುವಾರಿ ಸಚಿವರಿಗೊಂದು, ಡಿಸಿ ಅವರಿಗೊಂದು, ಸಂಘದ ಲೆಟರ್‌ಹೆಡ್‌ನಲ್ಲಿ ಇನ್ನೊಂದು. "ಸಾಹೇಬ್ರು ನೋಡ್ತೀನಿ ಅಂದಿದ್ದಾರೆ" ಎಂದು ಮೂರು ವಾರ ಕಳೆಯುತ್ತದೆ. ಈ ಯಾವ ಕಾಗದಕ್ಕೂ 16ನೇ ಕಲಂ ಗಡಿಯಾರ ನಿಲ್ಲುವುದಿಲ್ಲ. ತಡವಾದ ಮೇಲೆ "ಸಚಿವರ ಉತ್ತರಕ್ಕೆ ಕಾಯುತ್ತಿದ್ದೆವು" ಎಂಬುದು ಸರಿಯಾದ ಕಾರಣ ಅನಿಸಿಕೊಳ್ಳುವುದೂ ಕಷ್ಟ.

ಈಗಲೇ ಸಿಗುವ ಕಾಗದ ಯಾವುದು? ಟೆಂಡರ್ ಅಧಿಸೂಚನೆ, ಪೂರ್ತಿ ಟೆಂಡರ್ ಪುಸ್ತಕ, ತಿದ್ದುಪಡಿಗಳು, ಪ್ರೀ-ಬಿಡ್ ಉತ್ತರಗಳು, ನೀವು ಅಪ್‌ಲೋಡ್ ಮಾಡಿದ ಪ್ರತಿಯೊಂದು ಫೈಲು, ಸಲ್ಲಿಕೆಯ ಸ್ವೀಕೃತಿ, ಇಎಂಡಿ ಅಂದರೆ ಮುಂಗಡ ಠೇವಣಿ ಕಟ್ಟಿದ ರಸೀದಿ, ತಿರಸ್ಕಾರದ ಆದೇಶ. ಆದೇಶದಲ್ಲಿ ಕಾರಣವೇ ಇಲ್ಲ, ಬರೀ 'ಅನರ್ಹ' ಎಂದಿದೆಯೇ? ಅದೇ ನಿಮ್ಮ ಮೊದಲ ಕಾರಣ ಆಗಬಹುದು. ಅಂದೇ ಕಚೇರಿಗೆ ಕಾರಣ ಕೇಳಿ ಪತ್ರ ಕೊಡಿ, ಆ ಪತ್ರದ ಪ್ರತಿಯನ್ನೂ ಮೇಲ್ಮನವಿಗೆ ಸೇರಿಸಿ.

ಹಂತ 5: ಯಾರ ಮುಂದೆ ಹಾಕಬೇಕು?

ಇಲಾಖೆಗೊಂದು ಥರ ಇದೆ. ಟೆಂಡರ್ ಪುಸ್ತಕದಲ್ಲಿ ಮೇಲ್ಮನವಿ ಪ್ರಾಧಿಕಾರ ಯಾರು ಎಂದು ಹುಡುಕಿ. ಸಿಗದಿದ್ದರೆ ಟೆಂಡರ್ ಕರೆದ ಕಚೇರಿಗೇ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಸ್ ವರ್ಕರ್ ಹೇಳಿದ್ದನ್ನು ನಂಬಿ ಹೋಗಬೇಡಿ. ತಪ್ಪು ಕಚೇರಿಗೆ ಕೊಟ್ಟರೆ ಅವರು ಅದನ್ನು ತಿಂಗಳು ಇಟ್ಟುಕೊಂಡು "ನಮಗೆ ಬರುವುದಿಲ್ಲ" ಎಂದು ವಾಪಸ್ ಕಳಿಸಬಹುದು. ಅನುಮಾನ ಇದ್ದರೆ ಇಬ್ಬರಿಗೂ ಹಾಕಿ, ಎರಡರಲ್ಲೂ ಆ ಮಾತು ಬರೆಯಿರಿ. ಕಾಗದದ ಖರ್ಚು ಅಷ್ಟೇ.

ಪ್ರಾಧಿಕಾರ ಕೂರುವ ಊರು ಯಾವುದು ಎಂಬುದೂ ಗಡುವಿನ ಭಾಗ. ಹಾಸನ ಜಿಲ್ಲೆಗೆ ಕರೆಂಟು ಕೊಡುವ ಸೆಸ್ಕ್ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಚಿಕ್ಕಮಗಳೂರು ಮೆಸ್ಕಾಂಗೆ ಸೇರುತ್ತದೆ, ಅದರ ಕೇಂದ್ರ ಕಚೇರಿ ಮಂಗಳೂರು. ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಿಂದ ಮಂಗಳೂರಿಗೆ ಕೊನೇ ದಿನ ಕಾಗದ ಹಿಡಿದು ಹೊರಟು, ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಗಾಡಿ ನಿಂತರೆ ಯಾರನ್ನು ಕೇಳುತ್ತೀರಿ? ಶಿರಾಡಿ ಕಡೆ ಸುತ್ತಿ ಹೋಗೋಣ ಅಂದರೆ ಅಲ್ಲೂ ಅದೇ ಗತಿ ಆಗಿರಬಹುದು. ಮಳೆಗಾಲದಲ್ಲಿ ಘಟ್ಟದ ಕೆಳಗಿನ ಕಚೇರಿಗೆ ವಾರ ಮೊದಲೇ ಸ್ಪೀಡ್ ಪೋಸ್ಟ್ ಮಾಡಿ, ಜೊತೆಗೆ ಇ-ಮೇಲ್ ಕಳಿಸಿ, ಆಮೇಲೆ ಖುದ್ದು ಹೋಗಿ.

ಹಂತ 6: ಮೇಲ್ಮನವಿ ಬರೆಯುವುದು

ಐದಾರು ಪುಟ ಸಾಕು. ತಲೆಬರಹದಲ್ಲೇ 'ಕೆಟಿಪಿಪಿ ಕಾಯ್ದೆ 1999ರ 16ನೇ ಕಲಂ ಅಡಿ ಮೇಲ್ಮನವಿ' ಎಂದು ಹಾಕಿ. 'ದೂರು', 'ಮನವಿ' ಎಂದು ಬರೆದರೆ ಟಪಾಲು ಶಾಖೆಯವರು ಅದನ್ನು ಮಾಮೂಲಿ ಅರ್ಜಿಗಳ ಕಟ್ಟಿಗೆ ಸೇರಿಸಿಬಿಡುತ್ತಾರೆ.

ಮೊದಲ ಪ್ಯಾರಾದಲ್ಲೇ ತಾರೀಖು: ಆದೇಶ ಇಂಥ ದಿನ ತಲುಪಿತು, ಇವತ್ತಿಗೆ ಇಷ್ಟು ದಿನ, ಗಡುವಿನ ಒಳಗೇ ಇದೆ. ಆಮೇಲೆ ನಡೆದದ್ದು, ಕಾರಣಗಳು, ಕೊನೆಗೆ ನಿಮ್ಮ ಬೇಡಿಕೆ. ಅಂಗೀಕರಿಸಿದ ಅಧಿಕಾರಿಯನ್ನೂ, ಗೆದ್ದ ಗುತ್ತಿಗೆದಾರರನ್ನೂ ಎದುರುದಾರರಾಗಿ ಸೇರಿಸಿ. ಗೆದ್ದವರನ್ನು ಬಿಟ್ಟರೆ ಅವರ ಮಾತು ಕೇಳದೆ ಆದೇಶ ಮಾಡಿದರು ಎಂದು ನಾಳೆ ಅದೇ ಒಂದು ತಕರಾರಾಗುತ್ತದೆ.

ಯಾವ ಕಾರಣಕ್ಕೆ ತೂಕ ಇರುತ್ತದೆ? ಟೆಂಡರ್ ಪುಸ್ತಕದಲ್ಲಿ ಇಲ್ಲದ ಕಾಗದ ಕೇಳಿ ನಿಮ್ಮನ್ನು ಹೊರಹಾಕಿದ್ದರೆ ಅದಕ್ಕಿದೆ. ಒಂದೇ ಕೊರತೆಗೆ ನಿಮಗೆ ಅನರ್ಹ, ಅವರಿಗೆ ಅರ್ಹ ಎಂದಿದ್ದರೆ ಅದಕ್ಕಿದೆ. ಬಿಡ್ ಸಾಮರ್ಥ್ಯದ, ಅಂದರೆ ಇನ್ನೆಷ್ಟು ಮೊತ್ತದ ಕೆಲಸ ಹಿಡಿಯಬಲ್ಲಿರಿ ಎಂಬ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ಕಾಮಗಾರಿಗಳ ಬಾಕಿ ಮೊತ್ತದ ಬದಲು ಪೂರ್ತಿ ಮೊತ್ತ ಕಳೆದಿದ್ದರೆ, ಅದನ್ನು ಅಂಕಿಯಲ್ಲೇ ತೋರಿಸಬಹುದು. ಗೆದ್ದವರ ವಹಿವಾಟು ಪ್ರಮಾಣಪತ್ರದ ಮೇಲೆ ಅನುಮಾನ ಇದ್ದರೆ ಯುಡಿಐಎನ್ ನೋಡಿ. ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರಕ್ಕೆ 2019ರಿಂದ ಈ ನಂಬರ್ ಕಡ್ಡಾಯ. ನಂಬರ್ ಹಾಕಿದರೆ ಅದು ಅಸಲಿಯೋ ಅಲ್ಲವೋ ಅವರ ಸಂಸ್ಥೆಯ ಪೋರ್ಟಲ್‌ನಲ್ಲೇ ಗೊತ್ತಾಗುತ್ತದೆ.

"ನಮಗೆ ಇಪ್ಪತ್ತು ವರ್ಷದ ಅನುಭವ", "ಅವರ ಕೆಲಸ ಕಳಪೆ", ಇವಕ್ಕೆಲ್ಲ ಬೆಲೆ ಇಲ್ಲ. ಅಧಿಕಾರಿ ಲಂಚ ತಿಂದಿದ್ದಾರೆ ಎಂದು ಸಾಕ್ಷಿ ಇಲ್ಲದೆ ಬರೆಯಬೇಡಿ. ಮೇಲ್ಮನವಿ ಅದರಿಂದ ಗಟ್ಟಿ ಆಗುವುದಿಲ್ಲ, ನಿಮಗೇ ತಿರುಗಿಕೊಳ್ಳುತ್ತದೆ.

ಪಾಲುದಾರಿಕೆ ಸಂಸ್ಥೆ ಆಗಿದ್ದರೆ ಸಹಿ ಹಾಕುವವರ ಅಧಿಕಾರ ಪತ್ರ ಇಡಿ. ಶುಲ್ಕ ಇದೆಯೇ ಕೇಳಿ, ಇದ್ದರೆ ಖಜಾನೆ ಚಲನ್‌ನಲ್ಲಿ ಕಟ್ಟಿ ರಸೀದಿ ಸೇರಿಸಿ. ಪುಟಕ್ಕೆಲ್ಲ ನಂಬರ್ ಹಾಕಿ.

ಹಂತ 7: ಸೀಲು ಬಿದ್ದ ಪ್ರತಿ

ಕೊಟ್ಟದ್ದು ಅಂದರೆ ಕಚೇರಿ ಸೇರಿದ್ದು. ಅಂಚೆಗೆ ಹಾಕಿದ ದಿನವನ್ನು ನಂಬಿಕೊಳ್ಳಬೇಡಿ. ಟಪಾಲು ಶಾಖೆಗೆ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿ ಸೀಲು, ದಿನಾಂಕ, ಇನ್ವರ್ಡ್ ನಂಬರ್, ಸಹಿ, ನಾಲ್ಕೂ ಬೇಕು.

ನನಗೇ ಒಮ್ಮೆ ಆಗಿದೆ. ಒಂದು ಕಚೇರಿಯಲ್ಲಿ ಸೀಲು ಒತ್ತಿ ಕೊಟ್ಟರು, ನಾನು ಮಡಿಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಸೀಲಿನ ತಾರೀಖು ಹಿಂದಿನ ತಿಂಗಳದ್ದು. ತಿಂಗಳ ಉಂಗುರ ತಿರುಗಿಸುವುದನ್ನೇ ಮರೆತಿದ್ದರು. ಆದೇಶ ಹುಟ್ಟುವ ಮೊದಲೇ ಮೇಲ್ಮನವಿ ಹಾಕಿದ ಹಾಗಾಗಿತ್ತು! ಮಾರನೇ ದಿನ ಹೋಗಿ ಸರಿ ಮಾಡಿಸಿದೆ, ಇನ್ನೂ ದಿನ ಇತ್ತು. ಕೌಂಟರ್ ಬಿಡುವ ಮೊದಲು ಸೀಲು ಓದಿ.

"ಸಾಹೇಬ್ರು ಇಲ್ಲ, ನಾಳೆ ಬನ್ನಿ" ಎಂದರೆ ವಾಪಸ್ ಬರಬೇಡಿ. ಟಪಾಲಿಗೆ ಸಾಹೇಬರು ಬೇಕಿಲ್ಲ. ತೆಗೆದುಕೊಳ್ಳಲೇ ಇಲ್ಲ ಅಂದರೆ ಅಲ್ಲಿಂದಲೇ ಅಧಿಕೃತ ಇ-ಮೇಲ್‌ಗೆ ಕಳಿಸಿ, ಹತ್ತಿರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಹಂತ 8: ತಡೆ ಕೇಳಿ, ಅದೂ ಬೇರೆಯಾಗಿ

ಮೇಲ್ಮನವಿ ಹಾಕಿದ ಕೂಡಲೇ ಕೆಲಸ ನಿಲ್ಲುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಇಲ್ಲ. 30 ದಿನ ಮುಗಿಯುವವರೆಗೆ ಕರಾರು ಮಾಡಿಕೊಳ್ಳದೆ ಕಾಯುತ್ತಾರೆ ಎಂದುಕೊಳ್ಳುವುದೂ ತಪ್ಪು. ನೀವು ಇಪ್ಪತ್ತೆಂಟನೇ ದಿನ ಹಾಕುವ ಹೊತ್ತಿಗೆ ಅಲ್ಲಿ ಜೆಸಿಬಿ ಇಳಿದು ಗುದ್ದಲಿ ಪೂಜೆಯೂ ಆಗಿರಬಹುದು. ಮೇಲ್ಮನವಿ ಕಾಗದದ ಮೇಲೆ ಗಡುವಿನ ಒಳಗೇ ಇದೆ, ಆದರೆ ಕೆಲಸಕ್ಕೆ ಬಾರದು.

ಆದ್ದರಿಂದ ಮೇಲ್ಮನವಿಯ ಜೊತೆಯಲ್ಲೇ 'ತೀರ್ಮಾನ ಆಗುವವರೆಗೆ ಕಾರ್ಯಾದೇಶ ಕೊಡಬಾರದು' ಎಂದು ಬೇರೆ ಅರ್ಜಿ ಹಾಕಿ. ಟೆಂಡರ್ ಕರೆದ ಕಚೇರಿಗೂ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ, ಗೊತ್ತೇ ಇರಲಿಲ್ಲ ಎನ್ನುವ ಹಾಗಿಲ್ಲ.

ವಿಚಾರಣೆಗೆ ಎರಡೂ ಕಡೆಯವರನ್ನು ಕರೆಯಬೇಕು. ನೋಟಿಸ್ ಬರದಿದ್ದರೆ ವಾರಕ್ಕೊಮ್ಮೆ ನೆನಪೋಲೆ ಕೊಡಿ. ಅಲ್ಲಿ ಆಗುವ ಆದೇಶವೇ ಈ ಕಾಯ್ದೆಯಲ್ಲಿ ಅಂತಿಮ. ಅದರ ಮೇಲೆ ಉಳಿಯುವುದು ಹೈಕೋರ್ಟ್.

30 ದಿನ ದಾಟಿಹೋಗಿದ್ದರೆ

ಇವತ್ತೇ ಹಾಕಿ. ಜೊತೆಗೆ ವಿಳಂಬ ಮನ್ನಾ ಅರ್ಜಿ, ಅಂದರೆ ತಡವಾದದ್ದಕ್ಕೆ ಕ್ಷಮೆ ಕೇಳುವ ಅರ್ಜಿ, ಅಫಿಡವಿಟ್ ಸಮೇತ. ದಿನ ದಿನದ ಲೆಕ್ಕ ಕೊಡಿ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಮ್ಮರಿ, ಆದೇಶದ ಪ್ರತಿ ತಡವಾಗಿ ಕೊಟ್ಟಿದ್ದರೆ ಆ ಲಕೋಟೆ. "ಅನಿವಾರ್ಯ ಕಾರಣಗಳಿಂದ" ಎಂಬ ಒಂದು ಸಾಲು ಯಾರನ್ನೂ ಒಪ್ಪಿಸುವುದಿಲ್ಲ. ಹೆಚ್ಚುವರಿ 30 ದಿನ ಇದೆಯಲ್ಲ ಎಂದು ಮೊದಲೇ ಅದನ್ನು ಲೆಕ್ಕಕ್ಕೆ ಹಿಡಿದು ಕೂರುವವರಿಗೆ ನಾನು ಏನೂ ಹೇಳಲಾರೆ.

ಹೈಕೋರ್ಟಿಗೆ ಹೋಗುವುದಾದರೆ

ನಮ್ಮ ಎರಡೂ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ. ಸಂವಿಧಾನದ 226ನೇ ವಿಧಿಯಲ್ಲಿ ರಿಟ್ ಅರ್ಜಿ ಹಾಕಲು ಇಷ್ಟೇ ದಿನ ಎಂಬ ಗಡುವಿಲ್ಲ. ಹಾಗೆಂದು ಹಾಯಾಗಿರಬೇಡಿ. ಟೆಂಡರ್ ವಿಷಯದಲ್ಲಿ ತಡ ಮಾಡಿ ಬಂದವರಿಗೆ ಕೋರ್ಟು ಮೊದಲು ಕೇಳುವುದೇ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು. ಎರಡನೇ ಪ್ರಶ್ನೆ: 16ನೇ ಕಲಂ ದಾರಿ ಇತ್ತಲ್ಲ, ಯಾಕೆ ಹೋಗಲಿಲ್ಲ?

ಕೋರ್ಟು ನಿಮ್ಮ ಟೆಂಡರನ್ನು ಮತ್ತೆ ಮೌಲ್ಯಮಾಪನ ಮಾಡುವುದಿಲ್ಲ. 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಿರುವುದು ಅದೇ. ತೀರ್ಮಾನ ಮಾಡಿದ ರೀತಿ ಸರಿ ಇತ್ತೇ ಎಂದು ಮಾತ್ರ ನೋಡುತ್ತದೆ. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪಿನಲ್ಲಂತೂ ರಸ್ತೆಯಂಥ ಮೂಲಸೌಕರ್ಯ ಕೆಲಸಕ್ಕೆ ತಡೆ ಕೊಡುವಾಗ ಕೋರ್ಟುಗಳು ಹಿಂದೆ ಮುಂದೆ ನೋಡಬೇಕು ಎಂದಿದೆ. ಕೆಲಸ ಶುರುವಾದ ಮೇಲೆ ಹೋದರೆ ತಡೆ ಸಿಗುವುದು ಬಲು ಕಷ್ಟ. ಇನ್ನೊಂದು ವಿಷಯ, ಮೇ ತಿಂಗಳಲ್ಲಿ ಹೈಕೋರ್ಟಿಗೆ ಬೇಸಿಗೆ ರಜೆ. ರಜಾ ಪೀಠ ಇರುತ್ತದೆ, ಆದರೆ ಎಲ್ಲ ದಿನ ಅಲ್ಲ. ಮಾರ್ಚ್ ಕೊನೆಗೆ ರಾಶಿ ಟೆಂಡರ್ ಮುಗಿಯುವ ನಮ್ಮಲ್ಲಿ ಇದು ನೆನಪಿರಲಿ.

ನೀವೇ ಗೆದ್ದವರಾ? ಎದುರಿನವರು ಕೋರ್ಟಿಗೆ ಹೋಗಬಹುದು ಅನಿಸಿದರೆ ಕೇವಿಯಟ್ ಹಾಕಿಡಿ, ಅಂದರೆ ನಮ್ಮ ಮಾತು ಕೇಳದೆ ತಡೆ ಕೊಡಬೇಡಿ ಎಂಬ ಅರ್ಜಿ. ಅದು 90 ದಿನ ಜೀವಂತ.

ಕೇಂದ್ರದ ಟೆಂಡರ್, ಜೆಮ್

ಇಲ್ಲಿ ಕೆಟಿಪಿಪಿ ಥರ ಕಾಯ್ದೆಯ ಮೇಲ್ಮನವಿ ಇಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಆಯಾ ಟೆಂಡರ್ ಪುಸ್ತಕವೇ ಆಧಾರ. ಜೆಮ್ ಅಂದರೆ ಸರ್ಕಾರಿ ಕಚೇರಿಗಳು ಸಾಮಾನು, ಸೇವೆ ಕೊಳ್ಳುವ ಕೇಂದ್ರದ ಪೋರ್ಟಲ್. ಅದರಲ್ಲಿ ಖರೀದಿದಾರರು ಸೇರಿಸಿದ ಹೆಚ್ಚುವರಿ ಷರತ್ತಿನ ಮೇಲೆ ಆಕ್ಷೇಪ ಇದ್ದರೆ ಬಿಡ್ ಪ್ರಕಟವಾದ 4 ದಿನದೊಳಗೆ ನಿಮ್ಮ ಲಾಗಿನ್‌ನಲ್ಲೇ ರೆಪ್ರೆಸೆಂಟೇಶನ್ ಹಾಕಬೇಕು. ಅದಕ್ಕೆ ಉತ್ತರ ಕೊಡದೆ ಖರೀದಿದಾರರು ಬಿಡ್ ತೆರೆಯುವ ಹಾಗಿಲ್ಲ. ಇದು ಒಳ್ಳೆಯ ಅಸ್ತ್ರ, ನಮ್ಮವರು ಬಳಸುವುದೇ ಇಲ್ಲ. ತಾಂತ್ರಿಕ ಹಂತದಲ್ಲಿ ಅನರ್ಹ ಎಂದರೆ ಪ್ರಶ್ನಿಸಲು ಸಿಗುವ ಸಮಯ ಇನ್ನೂ ಚಿಕ್ಕದು. ಬಿಡ್ ಹಾಕಿದ ಮೇಲೆ ದಿನಕ್ಕೆ ಎರಡು ಸಲ ಲಾಗಿನ್ ಆಗಿ ನೋಡಿ. ಮೊಬೈಲ್ ನಂಬರ್, ಇ-ಮೇಲ್ ಹಳೇ ಅಕೌಂಟೆಂಟ್‌ದೇ ಇದ್ದರೆ ಇವತ್ತೇ ಬದಲಾಯಿಸಿ.

ಲೋಕಾಯುಕ್ತ, ಸ್ಪರ್ಧಾ ಆಯೋಗ

ಇವು ಬೇರೆ ದಾರಿ, ಬೇರೆ ಗಡುವು. ಅಧಿಕಾರಿಯ ಭ್ರಷ್ಟಾಚಾರದ ಆರೋಪಕ್ಕೆ ಲೋಕಾಯುಕ್ತ ಕಾಯ್ದೆಯಲ್ಲಿ 5 ವರ್ಷ, ಆಡಳಿತದಿಂದ ಆದ ತೊಂದರೆಯ ಅಹವಾಲಿಗೆ ವಿಷಯ ಗೊತ್ತಾದ 6 ತಿಂಗಳು. ಗುತ್ತಿಗೆದಾರರೇ ಸೇರಿಕೊಂಡು ದರ ಹೊಂದಿಸಿಕೊಂಡಿದ್ದರೆ ಭಾರತೀಯ ಸ್ಪರ್ಧಾ ಆಯೋಗಕ್ಕೆ 3 ವರ್ಷದೊಳಗೆ ಮಾಹಿತಿ ಕೊಡಬಹುದು. ಎಲ್ಲಿಗೆ ಹೋದರೂ ನಿಮ್ಮ 30 ದಿನ ಅದರ ಪಾಡಿಗೆ ಓಡುತ್ತಿರುತ್ತದೆ. ಟೆಂಡರ್ ವಾಪಸ್ ಬೇಕಿದ್ದರೆ ಮೊದಲು ಮೇಲ್ಮನವಿ, ಇವೆಲ್ಲ ಆಮೇಲೆ.

ನನ್ನ ಹತ್ತಿರ ಬರುವಾಗ ಆದೇಶದ ಪ್ರತಿ, ಅದು ಬಂದ ಲಕೋಟೆ, ಟೆಂಡರ್ ಪುಸ್ತಕ ಮೂರನ್ನೂ ತನ್ನಿ. ಎಲ್-1 ಯಾರ ಕಡೆಯವರು ಎಂಬ ಕಥೆಯನ್ನು ಕಾಫಿ ಕುಡಿಯುವಾಗ ಕೇಳುತ್ತೇನೆ.